ಸೊಂಟ ಬಗ್ಗೋದು ಕಮ್ಮಿ ಆಗಿದೆ, ರೋಡ್ ಬೈಕಿನ ಹ್ಯಾಂಡಲ್ ಎಷ್ಟು ಎತ್ತಬಹುದು?

ಹಳೇಚೈನು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ವಯಸ್ಸು 57. ಗಾಡಿ 2012ರಲ್ಲಿ ತಗೊಂಡ ರೋಡ್ ಬೈಕು, ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು (ಮುಂದಿನ ಚಕ್ರ ಹಿಡಿಯೋ ಕವಲು). ಆಗ ನಲವತ್ತು ದಾಟಿದವನ ಹುರುಪು. ಟೂರ್ ಡಿ ಫ್ರಾನ್ಸ್ ನೋಡಿ ನೋಡಿ ತಲೆ ಕೆಟ್ಟು, ಸ್ಟೆಮ್ಮಿನ (ಹ್ಯಾಂಡಲನ್ನ ಫೋರ್ಕಿಗೆ ಜೋಡಿಸೋ ತುಂಡು) ಕೆಳಗಿದ್ದ ಸ್ಪೇಸರ್ ಉಂಗುರ ಒಂದು ಬಿಟ್ಟು ಎಲ್ಲ ತೆಗೆಸಿ, ಮೇಲೆ ಉಳಿದ ಸ್ಟೀರರ್ ಕೊಳವೆಯನ್ನ (ಫೋರ್ಕಿನ ಮೇಲ್ತುದಿ) ಗರಗಸದಲ್ಲಿ ಕೊಯ್ಸಿಬಿಟ್ಟೆ. ಅಂಗಡಿಯವನು "ಸಾರ್, ಒಂದು ವರ್ಷ ಹಿಂಗೇ ಓಡಿಸಿ, ಆಮೇಲೆ ಕೊಯ್ಯೋಣ" ಅಂತ ಎರಡು ಸಲ ಹೇಳಿದ. ಕೇಳಲಿಲ್ಲ. ಈಗ ಸ್ಟೆಮ್ ಕೆಳಗೆ ಇರೋದು 5 ಮಿ.ಮೀ.ನ ಒಂದೇ ಒಂದು ಸ್ಪೇಸರ್.

ಇವತ್ತು ಅಳತೆ ತೆಗೆದೆ. ಸೀಟಿನ ಮೇಲ್ಭಾಗಕ್ಕಿಂತ ಹ್ಯಾಂಡಲ್ 9 ಸೆಂ.ಮೀ. ಕೆಳಗಿದೆ. ಸ್ಟೆಮ್ 110 ಮಿ.ಮೀ., ಮೈನಸ್ 6 ಡಿಗ್ರಿ (ಸ್ಟೀರರಿಗೆ ಲಂಬಕ್ಕಿಂತ 6 ಡಿಗ್ರಿ ಕೆಳಕ್ಕೆ). ನೆಲದ ಮೇಲೆ ಕಾಲು ಚಾಚಿ ಕೂತು ಮುಂದೆ ಬಗ್ಗಿದರೆ ಬೆರಳು ಮೊಣಕಾಲಿನ ಕೆಳಗೆ ನಾಲ್ಕು ಇಂಚು ಹೋಗುತ್ತೆ, ಅಷ್ಟೇ. ಕಾಲ್ಬೆರಳು ಮುಟ್ಟಿ ಎಷ್ಟು ವರ್ಷ ಆಯ್ತೋ.

40 ಕಿ.ಮೀ. ದಾಟಿದ ಮೇಲೆ ಕತ್ತು ಹಿಡಿಯುತ್ತೆ. ಎರಡೂ ಕೈಯ ಕಿರುಬೆರಳು, ಉಂಗುರದ ಬೆರಳು ಜೋಮು. ನಂದಿ ಬೆಟ್ಟ ಇಳಿಯುವಾಗ ಹ್ಯಾಂಡಲ್‌ನ ಕೆಳಕ್ಕೆ ಬಾಗಿದ ಭಾಗ, ಅಂದರೆ ಡ್ರಾಪ್, ಹಿಡಿಯಕ್ಕೇ ಆಗಲ್ಲ. ಹ್ಯಾಂಡಲ್ ಹತ್ತಿರ ಆಗಲಿ ಅಂತ ಕಳೆದ ತಿಂಗಳು ಸೀಟನ್ನ ಒಂದೂವರೆ ಸೆಂ.ಮೀ. ಮುಂದಕ್ಕೆ ತಳ್ಳಿ, ಮೂತಿಯನ್ನ ಚೂರು ಕೆಳಕ್ಕೆ ಬಾಗಿಸಿದೆ. ಜೋಮು ಜಾಸ್ತಿನೇ ಆಯ್ತು.

ಡಿಸೆಂಬರಲ್ಲಿ 200 ಕಿ.ಮೀ. ಬಿಆರ್‌ಎಂ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡೋ ಆಸೆ. ಹೊಸ ಸೈಕಲ್ ತಗೊಳ್ಳೋ ಮಾತು ಮನೇಲಿ ಎತ್ತೋ ಹಾಗಿಲ್ಲ. ಏನು ಮಾಡಲಿ?

ಗಾಳಿಗೆದುರು (ಬೆಂಗಳೂರು)

ಸಾರ್, ದಯವಿಟ್ಟು ಹ್ಯಾಂಡಲ್ ಎತ್ತಬೇಡಿ. ಒಂದು ಸಲ ಎತ್ತಿದರೆ ಎತ್ತುತ್ತಾನೇ ಇರ್ತೀರ. ಸಮಸ್ಯೆ ಸೈಕಲ್‌ದಲ್ಲ, ದೇಹದ್ದು. ದಿನಾ ಹತ್ತು ನಿಮಿಷ ಪಶ್ಚಿಮೋತ್ತಾನಾಸನ, ಹೊಟ್ಟೆ ಬೆನ್ನಿನ ಸ್ನಾಯುಗೆ ಪ್ಲ್ಯಾಂಕು. ಮೂರು ತಿಂಗಳಲ್ಲಿ ಸರಿ ಹೋಗುತ್ತೆ. ಮೇಲೆ ಎದ್ದು ಕೂತರೆ ಗಾಳಿ ಎದೆಗೆ ಹೊಡೆದು ಸ್ಪೀಡ್ ಹೋಗುತ್ತೆ.

ಕಿತ್ತೂರ ಗಾಲಿ (ಧಾರವಾಡ)

ತಮ್ಮಾ, ನಿನ್ನ ವಯಸ್ಸು ಎಷ್ಟ?

ಗಾಳಿಗೆದುರು

26 ಸಾರ್.

ಕಿತ್ತೂರ ಗಾಲಿ

ಹಂಗಾರ ಮೂವತ್ತು ವರ್ಷ ಬಿಟ್ಟು ಈ ಪೋಸ್ಟ್ ತಿರುಗಿ ಓದು.

ಹಳೇಚೈನು ಅವರ, ನಂದು ಹಳೇ ಸ್ಟೀಲ್ ಗಾಡಿರಿ. ನಿಮ್ಮಂಗ ಸ್ಪೇಸರ್ ತಲಿಬ್ಯಾನಿ ಇಲ್ಲ. ಕೊಳವಿ ಒಳಗ ಇಳಿಯೂ ಕ್ವಿಲ್ ಸ್ಟೆಮ್ ಐತಿ. ಮ್ಯಾಲಿನ ಬೋಲ್ಟ್ ನಾಕ್ ಸುತ್ತು ಸಡ್ಲ ಮಾಡಿ, ಅದರ ತಲಿ ಮ್ಯಾಲ ಕಟಗಿ ತುಂಡು ಇಟ್ಟು ಸುತ್ತಿಗಿಲೆ ಒಂದ್ ಏಟು ಹಾಕಿದ್ರ ಒಳಗಿನ ಬೆಣಿ ಬಿಡ್ತೈತಿ. ಎಷ್ಟ ಬೇಕ ಅಷ್ಟ ಎತ್ತಿ ಮತ್ತ ಬಿಗಿ ಮಾಡೂದು. ಐದ ಮಿನಿಟಿನ ಕೆಲಸ. ಐವತ್ತಕ್ಕ ಎರಡ ಬೆರಳು ಎತ್ತೀನಿ, ಅರವತ್ತಕ್ಕ ಮತ್ತ ಎರಡ ಬೆರಳು. ಈಗ ಸೀಟು, ಹ್ಯಾಂಡಲ್ ಎರಡೂ ಸಮ ಅದಾವ. ಕೊಳವಿ ಮ್ಯಾಲ ಒಂದ್ ಗೆರಿ ಕೊರದಿರ್ತಾರ. ಆ ಗೆರಿ ಹೊರಗ ಕಾಣೂವಷ್ಟು ಎತ್ತಬಾರದು, ಇಷ್ಟ ನೋಡ್ಕೋಬೇಕು. ಸೈಕಲ್ ಕಂಪನಿಯವ್ರು ಈ ಸವಲತ್ತು ಯಾಕ ತಗದ್ರೋ, ಆ ದೇವ್ರಿಗೇ ಗೊತ್ತು.

ಚಾಮುಂಡಿ ಮೆಟ್ಟಿಲು (ಮೈಸೂರು)

ಮೊದಲು ಹ್ಯಾಂಡಲ್ ಮರೆತುಬಿಡಿ ಸಾರ್. ಸೀಟಿಗೆ ಬನ್ನಿ. ಹದಿನೈದು ವರ್ಷದಿಂದ ಜನರನ್ನ ಸೈಕಲ್ ಮೇಲೆ ಕೂರಿಸಿ ಅಳತೆ ಹೊಂದಿಸೋ ಕೆಲಸ ಮಾಡ್ತಿದೀನಿ. ಐವತ್ತು ದಾಟಿದವರಲ್ಲಿ ಸುಮಾರು ಜನ ಇದೇ ತಪ್ಪು ಮಾಡ್ಕೊಂಡು ಬರ್ತಾರೆ.

ಹ್ಯಾಂಡಲ್ ದೂರ ಅನ್ನಿಸಿದಾಗ ಸೀಟು ಮುಂದಕ್ಕೆ ತಳ್ಳೋದು ಸಹಜ. ಆದರೆ ಪೆಡಲ್ ಇದ್ದ ಕಡೆಯೇ ಇರುತ್ತಲ್ಲ? ಸೊಂಟ ಮುಂದೆ ಬಂದ ಹಾಗೆ ದೇಹದ ತೂಕ ಪಾದದ ಮುಂದಕ್ಕೆ ವಾಲುತ್ತೆ, ಅದನ್ನ ತಡೆಯೋಕೆ ಕೈ ಬಿಟ್ಟರೆ ಬೇರೇನೂ ಇಲ್ಲ. ಕುರ್ಚಿಯಿಂದ ಏಳುವಾಗ ಪಾದ ಹಿಂದಕ್ಕೆ ಎಳ್ಕೊಂಡು ತಲೆ ಮುಂದೆ ಚಾಚ್ತೀವಲ್ಲ, ಅದೇ ಲೆಕ್ಕ. ಅದರ ಮೇಲೆ ನೀವು ಸೀಟಿನ ಮೂತಿಯನ್ನೂ ತಗ್ಗಿಸಿದೀರ. ಜಾರುಬಂಡೆ ಮೇಲೆ ಕೂತು ಅಂಗೈಯಲ್ಲಿ ಬ್ರೇಕ್ ಹಾಕ್ತಾ ಇದ್ದೀರ ಅಷ್ಟೆ. ಜೋಮು ಜಾಸ್ತಿ ಆಗದೆ ಇನ್ನೇನಾಗುತ್ತೆ?

ಸೀಟನ್ನ ಹಳೇ ಜಾಗಕ್ಕೆ ತನ್ನಿ. ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿ. ಆಮೇಲೆ ಖಾಲಿ ರಸ್ತೆಯಲ್ಲಿ, ಇಲ್ಲಾ ಮನೇಲಿ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯೋ ಸ್ಟ್ಯಾಂಡ್) ಮೇಲೆ, ಮಾಮೂಲಿ ವೇಗದಲ್ಲಿ ತುಳೀತಾ ಹುಡ್ (ಬ್ರೇಕ್ ಲಿವರಿನ ರಬ್ಬರ್ ಹಿಡಿ) ಮೇಲಿನ ಕೈ ಎರಡೂ ಒಂದು ಇಂಚು ಎತ್ತಿ. ಮುಗ್ಗರಿಸೋ ಹಾಗಾದರೆ ಸೀಟು ಇನ್ನೂ ಮುಂದಿದೆ ಅಂತ. ಎರಡು ಕ್ಷಣ ನಿಂತರೆ ಸರಿ ಇದೆ. ಇದಿಷ್ಟನ್ನೇ ಮಾಡಿ ಒಂದು ವಾರ ಓಡಿಸಿ. ಬೇರೇನೂ ಮುಟ್ಟಬೇಡಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣ ಆಯ್ತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲ್ಲ.

ಹಾಗೇ, ಟಯರ್ ಎಷ್ಟು ಅಗಲ? ಗಾಳಿ ಎಷ್ಟು ಹೊಡೀತೀರ?

ಹಳೇಚೈನು

23 ಮಿ.ಮೀ., 120 ಪಿಎಸ್‌ಐ.

ಚಾಮುಂಡಿ ಮೆಟ್ಟಿಲು

ಅಯ್ಯೋ. ಬೆಂಗಳೂರು ರಸ್ತೆಲಿ ಅದು ಟಯರ್ ಅಲ್ಲ ಸಾರ್, ಕಬ್ಬಿಣದ ಪಟ್ಟಿ. ಫ್ರೇಮಲ್ಲಿ ಜಾಗ ಇದ್ದರೆ 28 ಹಾಕಿ, ಇಲ್ಲದಿದ್ದರೆ 25. ಗಾಳಿ ನಿಮ್ಮ ತೂಕ ನೋಡಿ 80ರ ಆಸುಪಾಸು. ಸೈಡ್‌ವಾಲ್ ಮೇಲೆ ಬರೆದಿರೋದು ಗರಿಷ್ಠ ಮಿತಿ, ಅಷ್ಟೇ ಹೊಡೀಬೇಕು ಅಂತ ಅಲ್ಲ.

ಬೆನ್ನೆಲುಬು (ಹಾಸನ)

ನಾನು ಫಿಸಿಯೋಥೆರಪಿಸ್ಟ್, ಸೈಕಲ್ ತುಳಿಯೋದು ವಾರಕ್ಕೆರಡು ದಿನ ಮಾತ್ರ. ಮೂರು ಮಾತು ಹೇಳಬೇಕು ಅನ್ನಿಸ್ತು.

ಕಿರುಬೆರಳು, ಉಂಗುರದ ಬೆರಳು ಜೋಮು ಅಂದರೆ ಅಂಗೈಯ ಹೊರಬದಿಯಲ್ಲಿ ಹೋಗೋ ಅಲ್ನರ್ ನರ ಒತ್ತುತ್ತಿದೆ ಅಂತ. ಹ್ಯಾಂಡಲ್ ಮೇಲೆ ಭಾರ ಬಿದ್ದಾಗ ಆಗೋದು ಇದೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾದರೆ ಅದು ಮಣಿಕಟ್ಟಿನ ನಡುವಿನ ಮೀಡಿಯನ್ ನರ, ಮಣಿಕಟ್ಟು ಮಡಿಚಿ ಹಿಡಿಯೋರಿಗೆ ಬರುತ್ತೆ. ಇಳಿದು ಅರ್ಧ ಗಂಟೆಯಲ್ಲಿ ಹೋದರೆ ಅಳತೆ ಸರಿ ಮಾಡಿ ನೋಡಬಹುದು. ರಾತ್ರಿ ಮಲಗಿದಾಗಲೂ ಇದ್ದರೆ, ಅಂಗಿಯ ಗುಂಡಿ ಹಾಕೋದು ಕಷ್ಟ ಆದರೆ, ಕತ್ತಿನಿಂದ ತೋಳಿಗೆ ನೋವು ಇಳಿದರೆ, ಹ್ಯಾಂಡಲ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಗಾಳಿಗೆದುರು ತಮ್ಮ ಹೇಳಿದ ವ್ಯಾಯಾಮ ತಪ್ಪಲ್ಲ. ತೊಡೆಯ ಹಿಂದಿನ ಸ್ನಾಯು ಎಳೆದರೆ ಎಷ್ಟೋ ಸಡಿಲ ಆಗುತ್ತೆ, ಅರವತ್ತರಲ್ಲೂ ಆಗುತ್ತೆ. ಆದರೆ ಬಗ್ಗೋದು ಸೊಂಟದಿಂದ ಮಾತ್ರ ಅಲ್ವಲ್ಲ. ಬೆನ್ನು ಬಗ್ಗಿಸಿ ಕೂತು ರಸ್ತೆ ನೋಡಬೇಕು ಅಂದರೆ ಕತ್ತನ್ನ ಹಿಂದಕ್ಕೆ ಮಡಿಚಬೇಕು. ಆ ಕತ್ತಿನ ಕೀಲು ಸವೆದಿದ್ದರೆ ಯಾವ ಆಸನವೂ ಅದನ್ನ 26ಕ್ಕೆ ವಾಪಸ್ ತರಲ್ಲ. ವ್ಯಾಯಾಮ ಮಾಡಿ, ಹ್ಯಾಂಡಲ್ಲೂ ಎತ್ತಿ. ಯಾಕೆ ಒಂದನ್ನೇ ಆರಿಸ್ಕೋಬೇಕು?

ಇನ್ನೊಂದು, ಮೊಣಕೈ ಬೀಗ ಹಾಕಿದ ಹಾಗೆ ನೆಟ್ಟಗೆ ಇಡಬೇಡಿ. ಗುಂಡಿ ಬಿದ್ದಾಗ ಹೊಡೆತ ಸೀದಾ ಭುಜಕ್ಕೆ ಏರುತ್ತೆ.

ಹಳೇಚೈನು

ಹತ್ತು ದಿನ ಆಯ್ತು, ವರದಿ ಒಪ್ಪಿಸ್ತೀನಿ. ಸೀಟು ಹಿಂದಕ್ಕೆ ಹೋಯ್ತು, ಸಮ ಆಯ್ತು. 25ರ ಟಯರ್ ಬಂತು, 28 ಫೋರ್ಕಿಗೆ ಉಜ್ಜುತ್ತಿತ್ತು. (ಒಂದೊಂದೇ ಬದಲಾಯಿಸಿ ಅಂದಿದ್ರಿ, ಗೊತ್ತು. ತಡೆಯಕ್ಕಾಗಲಿಲ್ಲ.) ಕೈ ಜೋಮು ಅರ್ಧಕ್ಕರ್ಧ ಇಳಿದಿದೆ. ರಾತ್ರಿ ಯಾವ ತೊಂದರೆಯೂ ಇಲ್ಲ ಅಕ್ಕ, ಗುಂಡಿನೂ ಹಾಕ್ಕೋತೀನಿ. ಕತ್ತು ಮಾತ್ರ ಹಾಗೇ ಇದೆ, 50 ಕಿ.ಮೀ. ಹೊತ್ತಿಗೆ ಮರದ ದಿಮ್ಮಿ. ಈಗ ಹ್ಯಾಂಡಲ್ ಮುಟ್ಟಬಹುದಾ?

ಚಾಮುಂಡಿ ಮೆಟ್ಟಿಲು

ಈಗ ಮುಟ್ಟಿ. ಖರ್ಚಿಲ್ಲದ ದಾರಿ ಮೊದಲು: ಸ್ಟೆಮ್ ಮಗುಚಿ ಹಾಕೋದು. ಮೈನಸ್ 6 ಇರೋದು ಪ್ಲಸ್ 6 ಆಗುತ್ತೆ. ಹೆಡ್ ಟ್ಯೂಬ್ (ಸ್ಟೀರರ್ ಹಾದುಹೋಗೋ ಫ್ರೇಮಿನ ಮುಂದಿನ ಕೊಳವೆ) 73 ಡಿಗ್ರಿ ಅಂತ ಇಟ್ಕೊಂಡರೆ, ನಿಮ್ಮ 110ರ ಸ್ಟೆಮ್ಮಿಗೆ ಹ್ಯಾಂಡಲ್ ಸುಮಾರು 22 ಮಿ.ಮೀ. ಮೇಲೆ ಬರುತ್ತೆ, 7 ಮಿ.ಮೀ. ಹತ್ತಿರ ಬರುತ್ತೆ. ಸ್ಪೇಸರ್ ಹಾಕಿ ಎತ್ತೋರಿಗೂ ಇದೇ ಥರ. ಕೊಳವೆ ಹಿಂದಕ್ಕೆ ವಾಲಿರೋದರಿಂದ 10 ಮಿ.ಮೀ. ಸ್ಪೇಸರ್ ಹಾಕಿದರೆ ಹ್ಯಾಂಡಲ್ 3 ಮಿ.ಮೀ. ತನ್ನಷ್ಟಕ್ಕೇ ಹತ್ತಿರ ಬರುತ್ತೆ. ಹಾಗಾಗಿ ಎತ್ತೋ ಮುಂಚೆನೇ ಚಿಕ್ಕ ಸ್ಟೆಮ್ ತರೋಕೆ ಓಡಬೇಡಿ.

ಕೆಲಸದ ಕ್ರಮ ತಪ್ಪಬಾರದು. ಮುಂದಿನ ಮುಚ್ಚಳದ ನಾಲ್ಕು ಬೋಲ್ಟ್ ಬಿಚ್ಚಿ ಹ್ಯಾಂಡಲ್ ಇಳಿಸಿ. ಮೇಲಿನ ಟೋಪಿ ತೆಗೀರಿ, ಪಕ್ಕದ ಎರಡು ಬೋಲ್ಟ್ ಸಡಿಲಿಸಿ ಸ್ಟೆಮ್ ಮಗುಚಿ. ಆಮೇಲೆ ಮೊದಲು ಟೋಪಿಯ ಬೋಲ್ಟು, ಬೇರಿಂಗ್ ಆಟ ಹೋಗೋಷ್ಟು ಮಾತ್ರ. ಅದು ಸ್ಟೆಮ್ಮನ್ನ ಹಿಡಿಯೋ ಬೋಲ್ಟ್ ಅಲ್ಲ. ಎಷ್ಟೋ ಜನ ಅದನ್ನೇ ಜೋರಾಗಿ ಬಿಗಿದು, ಪಕ್ಕದ್ದನ್ನ ಮರೆತು ರಸ್ತೆಗಿಳೀತಾರೆ. ಚಕ್ರ ನೇರ ಮಾಡಿ ಪಕ್ಕದ ಬೋಲ್ಟ್ ಬಿಗಿ ಮಾಡಿ, ಸ್ಟೆಮ್ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಕಾರ್ಬನ್ ಸ್ಟೀರರ್ ಆದ್ದರಿಂದ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಇಲ್ಲದೆ ಕೈ ಹಾಕಬೇಡಿ. ಮುಂದಿನ ನಾಲ್ಕನ್ನ ಅಡ್ಡಡ್ಡ ಬಿಗೀತಾ ಬನ್ನಿ, ಮೇಲೂ ಕೆಳಗೂ ಸಂದು ಒಂದೇ ಸಮ ಇರಬೇಕು. ಕೊನೆಗೆ ಮುಂದಿನ ಬ್ರೇಕ್ ಹಿಡಿದು ಸೈಕಲನ್ನ ಹಿಂದೆ ಮುಂದೆ ತಳ್ಳಿ ನೋಡಿ, ಟಕ ಟಕ ಅಂದರೆ ಇನ್ನೂ ಆಟ ಇದೆ.

ಕೊಯ್ದ ಸ್ಟೀರರ್ ಉದ್ದ ಮಾಡೋ ಅಡಾಪ್ಟರ್ ಸಿಗುತ್ತೆ. ಲೋಹದ ಸ್ಟೀರರ್ ಆದರೆ ಸರಿ. ಕಾರ್ಬನ್‌ಗೆ ನಾನಂತೂ ಹಾಕಿಕೊಡಲ್ಲ.

ಕಡಲತಡಿ (ಮಂಗಳೂರು)

ಇದೆಲ್ಲ ಯಾಕೆ ಮಾರಾಯ್ರೆ, ಫ್ಲ್ಯಾಟ್ ಹ್ಯಾಂಡಲ್ ಹಾಕಿ ಬಿಡುವ ಅಂತ ಹೋಗಬೇಡಿ. ನಾನು ಹೋಗಿದ್ದೆ. ಹ್ಯಾಂಡಲ್ ಅಗ್ಗಕ್ಕೆ ಸಿಕ್ಕಿತು. ಮನೆಗೆ ತಂದು ನೋಡಿದರೆ ಹಳೆ ಬ್ರೇಕ್ ಲಿವರ್ ಅದಕ್ಕೆ ಕೂರುವುದೇ ಇಲ್ಲ. ರೋಡ್ ಹ್ಯಾಂಡಲ್‌ನ ಕೊಳವೆ 23.8 ಮಿ.ಮೀ., ಫ್ಲ್ಯಾಟಿನದ್ದು 22.2. ಸರಿ ಅಂತ ಎಂಟಿಬಿಯ (ಮೌಂಟೇನ್ ಬೈಕಿನ) ಲಿವರ್ ತಂದೆ. ಅದು ವಿ ಬ್ರೇಕಿನದ್ದು, ಜಾಸ್ತಿ ಕೇಬಲ್ ಎಳೆಯುವಂಥದ್ದು. ರೋಡ್ ಬೈಕಿನ ಕ್ಯಾಲಿಪರ್ ಬ್ರೇಕಿಗೆ ಹಾಕಿದರೆ ಲಿವರ್ ಕಲ್ಲಿನ ಹಾಗೆ, ಬ್ರೇಕ್ ಮಾತ್ರ ಹಿಡಿಯುವುದಿಲ್ಲ. ಕುಲಶೇಖರದ ಇಳಿಜಾರಿನಲ್ಲಿ ದೇವರ ಹೆಸರು ಹೇಳಿಕೊಂಡು ಇಳಿದದ್ದುಂಟು. ಆಮೇಲೆ ಗೇರ್ ಶಿಫ್ಟರ್ ಬೇರೆ. ಲೆಕ್ಕ ಹಾಕಿದರೆ ಅರ್ಧ ಸೈಕಲಿನ ದುಡ್ಡು. ಕೈ ಇಡಲಿಕ್ಕೆ ಇದ್ದ ಮೂರು ಜಾಗವೂ ಹೋಗಿ ಒಂದೇ ಉಳಿಯಿತು, ಅದೇ ದೊಡ್ಡ ನಷ್ಟ. ಪುನಃ ಡ್ರಾಪಿಗೇ ಬಂದೆ.

ಗಾಳಿಗೆದುರು

ನಾನು ಹೇಳಿದ್ದು ಏರೋ, ಅಂದರೆ ಗಾಳಿ ತಡೆ ಬಗ್ಗೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಕಾಲುವೆ ದಂಡೆ (ಯುಟ್ರೆಕ್ಟ್)

ನಾನು ಕೊಡ್ತೀನಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದನ್ನ ಗೆಲ್ಲೋಕೆ ಬೇಕಾದ ಶಕ್ತಿ ಘನಕ್ಕೆ ತಕ್ಕಂತೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ರೇಸ್ ಹೊಡೆಯೋರಿಗೆ ಎರಡು ಸೆಂ.ಮೀ. ದೊಡ್ಡ ವಿಷಯ. 22ರಲ್ಲಿ ಹೋಗೋರಿಗೆ ಅಷ್ಟಿಲ್ಲ. ಅದಕ್ಕಿಂತ ಮುಖ್ಯವಾದ್ದು, ಹ್ಯಾಂಡಲ್ ಕೆಳಗಿದ್ದೂ ಕತ್ತು ನೋವಿಗೆ ಕೈ ನೆಟ್ಟಗೆ ಮಾಡಿ ಎದ್ದು ಕೂತರೆ ಯಾವ ಏರೋ? ಎತ್ತರದ ಹ್ಯಾಂಡಲ್‌ನಲ್ಲಿ ಮೊಣಕೈ ಮಡಿಚಿ ಡ್ರಾಪ್ ಹಿಡಿದವನೇ ತಗ್ಗಿರ್ತಾನೆ.

ಫ್ರಾನ್ಸಿನ ರೋಬೆರ್ ಮಾರ್ಷಾಂ 2017ರಲ್ಲಿ, ತಮ್ಮ 105ನೇ ವಯಸ್ಸಲ್ಲಿ, ಒಂದು ಗಂಟೆಗೆ 22.547 ಕಿ.ಮೀ. ತುಳಿದರು. ನಮ್ಮ ಭಾನುವಾರದ ಗುಂಪಿನ ಸರಾಸರಿ ಅದಕ್ಕಿಂತ ಕಮ್ಮಿ, ಕಾಫಿ ನಿಲುಗಡೆ ಬಿಟ್ಟು ಲೆಕ್ಕ ಹಾಕಿದರೂ.

ಹಾಗಂತ ಪೂರ್ತಿ ನೆಟ್ಟಗೆ ಕೂರೋದೂ ಬೇಡ. ಇಲ್ಲಿ ನನ್ನ ಹತ್ತಿರ ಡಚ್ಚರ ಅಜ್ಜಿ ಸೈಕಲ್ ಒಂದಿದೆ, ಹ್ಯಾಂಡಲ್ ಹೊಟ್ಟೆಯ ಹತ್ತಿರ ಬರುತ್ತೆ. ಮಾರ್ಕೆಟ್‌ಗೆ ಸ್ವರ್ಗ. 30 ಕಿ.ಮೀ. ಎದುರುಗಾಳಿಗೆ ಹೋದರೆ ನರಕ. ಇಟ್ಟಿಗೆ ಹಾಸಿದ ಬೀದಿಯಲ್ಲಿ ಪ್ರತಿ ಏಟೂ ಬೆನ್ನೆಲುಬಿನ ಬುಡದಿಂದ ನೇರ ಮೇಲಕ್ಕೆ. ಸ್ವಲ್ಪ ಬಾಗಿ ಕೂತರೆ ಬೆನ್ನು ಬಿಲ್ಲಿನ ಹಾಗೆ ಆ ಏಟನ್ನ ನುಂಗುತ್ತೆ.

ಮುಂದೆ ಯಾವಾಗಲಾದರೂ ಮನೇಲಿ ಮಾತು ಎತ್ತೋ ಧೈರ್ಯ ಬಂದರೆ, ಸೈಜ್ ಅಂಕಿ ನೋಡಬೇಡಿ, ಸ್ಟ್ಯಾಕ್ ಮತ್ತು ರೀಚ್ ನೋಡಿ. ಪೆಡಲಿನ ನಡು ಅಚ್ಚಿನಿಂದ ಹೆಡ್ ಟ್ಯೂಬಿನ ತುದಿ ಎಷ್ಟು ಮೇಲಿದೆ, ಎಷ್ಟು ಮುಂದಿದೆ ಅನ್ನೋ ಅಳತೆ. ಒಂದೇ ಕಂಪನಿಯಲ್ಲೇ ಎರಡು ಥರ ಇರುತ್ತೆ: ಜೈಂಟ್‌ನಲ್ಲಿ ಟಿಸಿಆರ್ ರೇಸಿಗೆ, ಡಿಫೈ ದೂರದ ಸವಾರಿಗೆ, ಸ್ಪೆಷಲೈಸ್ಡ್‌ನಲ್ಲಿ ಟಾರ್ಮ್ಯಾಕ್ ಮತ್ತು ರುಬೇ. ಡೆಕಾಥ್ಲಾನ್‌ನ ಟ್ರೈಬನ್ ಕೂಡ ದೂರದ ಸವಾರಿಯ ಅಳತೆಯದ್ದೇ.

ಹಳೇಚೈನು

ಸ್ಟೆಮ್ ಮಗುಚಿದೆ. ಕಂಪನಿ ಹೆಸರು ತಲೆಕೆಳಗಾಗಿದೆ, ಮಗಳು ನೋಡಿ ನಕ್ಕಳು. ಮೊದಲ ದಿನವೇ ಕತ್ತಿಗೆ ಸುಖ. ಆದರೆ ಒಂದು ವಿಚಿತ್ರ: ಯು ಟರ್ನ್ ತಗೊಳ್ಳುವಾಗ ಗೇರ್ ತಾನೇ ಬದಲಾಗುತ್ತೆ, ಹಿಂದಿನ ಬ್ರೇಕೂ ಚೂರು ಹಿಡಿಯುತ್ತೆ.

ಕಿತ್ತೂರ ಗಾಲಿ

ಕೇಬಲ್ ಗಿಡ್ಡ ಆಗ್ಯಾವರಿ. ಎತ್ತಿದ್ರಿ, ಅವು ಎಳಕೊಂಡ ಕುಂತಾವ.

ಚಾಮುಂಡಿ ಮೆಟ್ಟಿಲು

ಅದೇ. ಹೊರಗಿನ ಕವಚ, ಒಳಗಿನ ತಂತಿ ಎರಡೂ ಹೊಸದು ಹಾಕಿಸಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಎಳೀಬಾರದು ಅಷ್ಟು ಉದ್ದ. ಅಲ್ಲಿವರೆಗೂ ಓಡಿಸಬೇಡಿ. ನಿಮ್ಮ ಪುಣ್ಯ, ಕೇಬಲ್ ಹೊರಗಿದೆ. ಈಗಿನ ಎಷ್ಟೋ ಗಾಡಿಗಳಲ್ಲಿ ಹೈಡ್ರಾಲಿಕ್ ಬ್ರೇಕ್ ಪೈಪು ಹೆಡ್‌ಸೆಟ್ (ಸ್ಟೀರರಿನ ಬೇರಿಂಗ್) ಒಳಗಿಂದ ಹೋಗುತ್ತೆ. ಒಂದು ಸ್ಪೇಸರ್ ಹಾಕಬೇಕು ಅಂದರೂ ಅರ್ಧ ದಿನದ ಕೆಲಸ.

ಹೇಗೂ ಕೇಬಲ್ ಬಿಚ್ಚುತ್ತೀರ, ಟೇಪೂ ಬಿಚ್ಚಬೇಕು. ಆ ಹ್ಯಾಂಡಲ್ಲೇ ಬದಲಾಯಿಸಿದರೆ ಹೇಗೆ? ಈಗಿರೋದರ ಅಳತೆ ಹೇಳಿ.

ಹಳೇಚೈನು

ಮುಂದಕ್ಕೆ 90, ಕೆಳಕ್ಕೆ 145 ಮಿ.ಮೀ. ಅಗಲ 44 ಸೆಂ.ಮೀ.

ಚಾಮುಂಡಿ ಮೆಟ್ಟಿಲು

ಹಳೇ ಕಾಲದ ಬಾಗು. ಕಾಂಪ್ಯಾಕ್ಟ್ ಅಂತ ಕೇಳಿ, ಮುಂದಕ್ಕೆ 75, ಕೆಳಕ್ಕೆ 125ರ ಹತ್ತಿರ. ಹುಡ್ 15 ಮಿ.ಮೀ. ಹತ್ತಿರ ಬಂತು. ಡ್ರಾಪ್ 20 ಮಿ.ಮೀ. ಮೇಲೆ ಬಂತು, ಸ್ಟೆಮ್ಮಿನ 22 ಸೇರಿದರೆ ನಾಲ್ಕು ಸೆಂ.ಮೀ.ಗೂ ಜಾಸ್ತಿ. ನಂದಿ ಇಳಿಯುವಾಗ ಕೈಗೆ ಸಿಗುತ್ತೆ. ನಡುವಿನ ವ್ಯಾಸ 31.8 ಇದೆಯಾ ನೋಡಿ ತಗೊಳ್ಳಿ, ಹಳೇ ಸ್ಟೆಮ್‌ಗಳಲ್ಲಿ 26 ಇರುತ್ತೆ. ಅಗಲ ನಿಮ್ಮ ಭುಜದ ಮೂಳೆಯಿಂದ ಮೂಳೆಗೆ ಅಳೆದು ತಗೊಳ್ಳಿ, 44 ಜಾಸ್ತಿ ಇರಬಹುದು ಅಂತ ನನ್ನ ಗುಮಾನಿ. ಹುಡ್ ಕಟ್ಟುವಾಗ ಮಣಿಕಟ್ಟು ಮುಂಗೈಗೆ ನೇರ ಇರೋ ಹಾಗೆ ನೋಡಿ, ಲಿವರ್ ಚೂರು ಮೇಲಕ್ಕೆ ಕಟ್ಟಿದರೆ ತಪ್ಪಿಲ್ಲ. ಡ್ರಾಪ್‌ನಿಂದ ಬ್ರೇಕ್ ಬೆರಳಿಗೆ ಸಿಗಬೇಕು, ಅಷ್ಟು ಮಾತ್ರ ಬಿಟ್ಟುಕೊಡಬೇಡಿ.

ಬೆನ್ನೆಲುಬು

ನಡುವೆ ಒಂದು ಪ್ರಶ್ನೆ ಮೈಸೂರಿನವರಿಗೆ. ಸೊಂಟದ ಕೀಲೇ ಬಿಗಿ ಇರೋರಿಗೆ ಕ್ರ್ಯಾಂಕ್ (ಪೆಡಲ್ ಹಿಡಿಯೋ ತೋಳು) ಚಿಕ್ಕದು ಮಾಡಿದರೆ ಉಪಯೋಗ ಉಂಟಲ್ಲ? ಮೊಣಕಾಲು ಮೇಲೆ ಬಂದಾಗ ತೊಡೆ ಹೊಟ್ಟೆಗೆ ಒತ್ತೋದು ಕಮ್ಮಿ ಆಗುತ್ತೆ.

ಚಾಮುಂಡಿ ಮೆಟ್ಟಿಲು

ಖಂಡಿತ ಮೇಡಂ. 172.5ರಿಂದ 165 ಮಿ.ಮೀ.ಗೆ ಬಂದು ಸುಖ ಕಂಡವರಿದಾರೆ. ಆದರೆ ಕ್ರ್ಯಾಂಕ್ ಕಮ್ಮಿ ಆದಷ್ಟು ಸೀಟು ಎತ್ತಬೇಕು, ಹ್ಯಾಂಡಲ್ ಮತ್ತೆ ಅಷ್ಟು ಕೆಳಗಾದ ಹಾಗೆ. ಅದಕ್ಕೇ ಇವರಿಗೆ ಈಗಲೇ ಹೇಳಲಿಲ್ಲ, ತಲೆ ಕೆಡುತ್ತೆ.

ಹಳೇಚೈನು

ತುಂಬ ದಿನದ ಮೇಲೆ ಬರೀತಿದೀನಿ. ಕಾಂಪ್ಯಾಕ್ಟ್ ಹ್ಯಾಂಡಲ್ ಹಾಕಿಸಿದೆ, ಅಗಲ 42. ಹೊಸ ಕೇಬಲ್, ದಪ್ಪ ಟೇಪು. ಕೊಯ್ದಿದ್ದ ಅದೇ ಅಂಗಡಿಯಲ್ಲೇ. ಅವನು ಏನೂ ಅನ್ನಲಿಲ್ಲ, ಸುಮ್ಮನೆ ಸ್ಟೀರರ್ ನೋಡಿ ನನ್ನ ಮುಖ ನೋಡಿದ.

ಬಿಆರ್‌ಎಂ ಮುಗೀತು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡ್ತಾರೆ, 12 ಗಂಟೆ 10 ನಿಮಿಷಕ್ಕೆ ಬಂದೆ. ಕತ್ತು 150ರವರೆಗೂ ಸದ್ದಿಲ್ಲ. ಕೊನೇ 50ರಲ್ಲಿ ಹುಡ್, ಮೇಲಿನ ಪಟ್ಟಿ, ಡ್ರಾಪ್ ಅಂತ ಹತ್ತು ಹತ್ತು ನಿಮಿಷಕ್ಕೆ ಕೈ ಬದಲಾಯಿಸ್ತಾ ಬಂದೆ. ಎಷ್ಟೋ ವರ್ಷದ ಮೇಲೆ ಇಳಿಜಾರಲ್ಲಿ ಡ್ರಾಪ್ ಹಿಡಿದೆ. ಬೆರಳು ಹತ್ತೂ ನನ್ನವೇ ಅನ್ನಿಸ್ತು. ಬೆಳಗಿನ ವ್ಯಾಯಾಮ ಬಿಟ್ಟಿಲ್ಲ ಅಕ್ಕ, ಬೆರಳೀಗ ಕಣಕಾಲಿನ ಹತ್ತಿರ ಬಂದಿದೆ.

ಗಾಳಿಗೆದುರು, ಬಿಆರ್‌ಎಂ ಶುರುವಿನಲ್ಲಿ ನೀನು ನನ್ನ ಮಗುಚಿದ ಸ್ಟೆಮ್ ನೋಡಿ ನಕ್ಕಿದ್ದು ನೋಡಿದೆ.

ಗಾಳಿಗೆದುರು

ಅಯ್ಯೋ, ಅದು ನೀವಾ ಸಾರ್! 120ನೇ ಕಿ.ಮೀ.ನಲ್ಲಿ ಬೇಕರಿ ಮುಂದೆ ಬೆನ್ನು ಹಿಡ್ಕೊಂಡು ಮಲಗಿದ್ದೋನು ನಾನೇ. ನೀವು ಬೆಲ್ ಹೊಡೆದು ಹೋದ್ರಿ.

ಹಳೇಚೈನು

ಗೊತ್ತು. ಅದಕ್ಕೇ ಬೆಲ್ ಹೊಡೆದಿದ್ದು.

ಈಗ ಹೊಸ ಸಮಸ್ಯೆ. ಕೈ ಕತ್ತಿನ ನೋವೆಲ್ಲ ಇಳಿದು ಕೆಳಗೆ ಹೋಗಿದೆ. 130 ಕಿ.ಮೀ. ಆದಮೇಲೆ ಸೀಟ್ ಮೇಲೆ ಕೂರಕ್ಕೇ ಆಗಲಿಲ್ಲ. ಎರಡು ದಿನ ಆಫೀಸಲ್ಲಿ ದಿಂಬು ಹಾಕ್ಕೊಂಡು ಕೂತೆ.

ಚಾಮುಂಡಿ ಮೆಟ್ಟಿಲು

ಆಗಲೇಬೇಕಲ್ಲ ಸಾರ್. ಕೈ ಮೇಲಿದ್ದ ತೂಕ ಎಲ್ಲಿಗೆ ಹೋಗುತ್ತೆ? ನೀವು ಈಗ ಎದ್ದು ಕೂತಿದೀರ, ಸೀಟು ಮಾತ್ರ ಬಗ್ಗಿ ಕೂರೋನಿಗೆ ಮಾಡಿದ್ದು, ಸಪೂರ. ರಟ್ಟಿನ ಪೆಟ್ಟಿಗೆಯ ಒಂದು ತುಂಡು ಗಟ್ಟಿ ಮೆಟ್ಟಿಲ ಮೇಲೆ ಇಟ್ಟು, ತೆಳು ಚಡ್ಡಿಯಲ್ಲಿ ಅದರ ಮೇಲೆ ಚೂರು ಮುಂದೆ ಬಾಗಿ ಕೂತು ಏಳಿ. ಎರಡು ಗುಳಿ ಬಿದ್ದಿರುತ್ತೆ. ನಡುವಿಂದ ನಡುವಿಗೆ ಎಷ್ಟು ಮಿ.ಮೀ. ಅಳೆದು ಹೇಳಿ.

ಹಳೇಚೈನು

ಮಗಳು ಮನೇಲಿಲ್ಲದಾಗ ಮಾಡಿ ಹೇಳ್ತೀನಿ.